ಮುನ್ನೂರು ಮೀಟರ್ ತಂತಿ ಮತ್ತು ಸಾಯಬಣ್ಣನ ಕಿವಿ

ದೂರದ ರೇಡಿಯೊ ಸ್ಟೇಷನ್ ಹಿಡಿಯುವ ವಿದ್ಯೆಯಲ್ಲಿ ನಮ್ಮ ಶಹಾಬಾದ ಸೀಮೆಗೆಲ್ಲ ನಾನು ಎರಡನೆಯವನು. ಮೊದಲನೆಯವನು ಭಂಕೂರದ ಸಾಯಬಣ್ಣ, ನನ್ನ ಸಾಲಿ ಗೆಳೆಯ. ಮೂರನೆಯವರು ಯಾರೂ ಇಲ್ಲ. ಆದರೂ ಎರಡನೆಯ ಸ್ಥಾನ ಎರಡನೆಯ ಸ್ಥಾನವೇ ಎಂದು ನಾನು ತಿಳಿದಿದ್ದೇನೆ.

ಈ ವಿದ್ಯೆ ಬಲ್ಲವರು ಕಡಿಮೆಯಾದ್ದರಿಂದ ಸ್ವಲ್ಪ ವಿವರಿಸಬೇಕು. ಮೀಡಿಯಂ ವೇವ್ ರೇಡಿಯೊ ಹಗಲಲ್ಲಿ ಬಲು ಸೋಮಾರಿ, ತನ್ನ ಜಿಲ್ಲೆ ದಾಟಿ ಹೋಗುವುದು ಅಪರೂಪ. ಕತ್ತಲಾದ ಮೇಲೆ ಅದಕ್ಕೆ ಕಾಲು ಬರುತ್ತದೆ. ಆಕಾಶಕ್ಕೆ ಬಡಿದು ಪುಟಿದು ಸಮುದ್ರ ದಾಟಿ ಬರುತ್ತದೆ. ಅದರಲ್ಲೂ ನಮ್ಮಲ್ಲಿ ಬೆಳಗಾಗುವ ಹೊತ್ತಿಗೆ, ಪಶ್ಚಿಮದ ಕಡೆ ಇನ್ನೂ ಕತ್ತಲಿರುವಾಗ, ಅರಬರ ನಾಡಿನ ಸ್ಟೇಷನ್ನುಗಳು ಹತ್ತು ಹದಿನೈದು ನಿಮಿಷ ಚೆನ್ನಾಗಿ ಬಂದು, ಬಿಸಿಲು ಏರುತ್ತಲೇ ಮಾಯವಾಗುತ್ತವೆ. ಕೇಳಿದರೆ ಸಾಲದು. ಎಷ್ಟು ಗಂಟೆಗೆ ಏನು ಬಂತು, ದನಿ ಎಷ್ಟು ಜೋರಿತ್ತು, ಐದಕ್ಕೆ ಎಷ್ಟು ಅಂಕ ಎಂದೆಲ್ಲ ಬರೆದು ಆ ಸ್ಟೇಷನ್ನಿಗೆ ಕಳಿಸಬೇಕು. ಅವರು ತಾಳೆ ನೋಡಿ, ನಿಜವೆಂದು ಕಂಡರೆ ಒಂದು ಚಂದದ ಕಾರ್ಡು ಕಳಿಸುತ್ತಾರೆ. ಕಾರ್ಡು ಬರದಿದ್ದರೆ ಕೇಳಿದ್ದು ಲೆಕ್ಕಕ್ಕಿಲ್ಲ. ನಲವತ್ತು ವರ್ಷಗಳಿಂದ ನಮ್ಮಿಬ್ಬರ ಕಾನೂನು ಇದು.

ಸಾಯಬಣ್ಣನ ಮನೆಯ ಪಡಸಾಲೆಯ ಗೋಡೆ ತುಂಬ ಇಂಥ ಕಾರ್ಡುಗಳು, ಎಲ್ಲವೂ ಇಬ್ಬರ ಹೆಸರಿನಲ್ಲಿ. ಬರೆಯುವುದು ನಾನು, ಕೇಳುವುದು ಅವನು. ಗರಗರ ಸದ್ದಿನ ಅಡಿಯಲ್ಲಿ ಒಬ್ಬ ಹೆಂಗಸು ಉಸಿರೆಳೆದುಕೊಂಡದ್ದನ್ನೂ ಕೇಳಿ ಹೇಳುವಂಥ ಕಿವಿ ಅವನದು. ನನಗೆ ಆ ಜಾಗದಲ್ಲಿ ಬರೀ ಕಡಲೆ ಹುರಿದಂತೆ ಕೇಳುತ್ತಿತ್ತು. ಇಷ್ಟಾದರೂ ಒಂದು ಕಾರ್ಡಿನ ಕೊರತೆ ಉಳಿದಿತ್ತು. ಹತ್ತನೇ ಇಯತ್ತೆಯಲ್ಲಿ ಅವನ ಕಾಕಾನ ರೇಡಿಯೊ ಸೆಟ್ಟಿನಲ್ಲಿ ನಾವು ಮೊದಲು ಹಿಡಿದ ಅರಬರ ಸ್ಟೇಷನ್ನಿನದು ಅದು. ಆಗ ನಮಗೆ ಕಾರ್ಡಿನ ವಿಷಯ ಗೊತ್ತಿರಲಿಲ್ಲ. ಆಮೇಲೆ ಎರಡು ಸಲ ಬರೆದೆವು, ಉತ್ತರ ಬರಲಿಲ್ಲ.

ಹೋದ ಚಳಿಗಾಲದಲ್ಲಿ ಎರಡು ಸುದ್ದಿ ಒಂದೇ ವಾರದಲ್ಲಿ ಬಂದವು. ಎಲ್ಲರೂ ಮೊಬೈಲಿನಲ್ಲೇ ಕೇಳುತ್ತಾರಾದ್ದರಿಂದ ಆ ಸ್ಟೇಷನ್ನಿನವರು ತಿಂಗಳ ಕೊನೆಗೆ ಮೀಡಿಯಂ ವೇವ್ ಬಂದ್ ಮಾಡುತ್ತಾರೆ ಎಂಬುದು ಒಂದು. ಸಾಯಬಣ್ಣನ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯೂ ಹೋಗುವ ದಾರಿಯಲ್ಲಿದೆ ಎಂದು ಕಲಬುರಗಿಯ ಡಾಕ್ಟರು ಹೇಳಿದ್ದು ಇನ್ನೊಂದು. ಮೂವತ್ತು ವರ್ಷ ಫರಶಿ ಕಲ್ಲಿನ ಖಣಿಯಲ್ಲಿ ಸುತ್ತಿಗೆ ಹೊಡೆದವನು ಅವನು. ಕಲ್ಲು ಒಡೆಯಲು ಮದ್ದು ತುಂಬಿ ಸುರಂಗ ಹಾರಿಸುವಾಗ ಕಿವಿಗೆ ಅರಳೆ ಇಟ್ಟುಕೊಳ್ಳುವ ರೂಢಿಯೂ ಆಗ ಇರಲಿಲ್ಲ.

ಅವನು ಇದನ್ನು ಹೇಳಿದಾಗ ದುಃಖ ತೋರಿಸಲಿಲ್ಲ. "ಮಾಸ್ತರ, ಆ ಸ್ಟೇಷನ್ ಮುಚ್ಚೂದ್ರೊಳಗ, ನನ್ನ ಕಿವಿ ಮುಚ್ಚೂದ್ರೊಳಗ, ಒಮ್ಮಿ ಕೇಳಬೇಕು. ಆ ಕಾರ್ಡ್ ಗ್ವಾಡಿಗಿ ಬರಬೇಕು" ಎಂದಷ್ಟೇ ಅಂದ.

ನಾನು ಕೇಳಿಸಿಯೇ ತೀರುತ್ತೇನೆ ಎಂದು ಮಾತು ಕೊಟ್ಟೆ. ಗಣಿತ ಕಲಿಸಿ ನಿವೃತ್ತನಾದವನಿಗೆ ಒಂದು ತಂತಿ ಕಟ್ಟುವುದು ಏನು ಮಹಾ ಕೆಲಸ!

ಮೊದಲು ನಮ್ಮ ಮನೆಯ ಮಾಳಿಗೆಯ ಮೇಲೆ ಕಟ್ಟಿದೆ. ರೇಡಿಯೊ ಹಚ್ಚಿದರೆ ಅರಬಸ್ತಾನದ ಬದಲು ಓಣಿಯ ಎಲ್ಲ ಎಲ್‌ಇಡಿ ಬಲ್ಬುಗಳೂ ಒಟ್ಟಿಗೆ ಗುಂಯ್‌ಗುಟ್ಟಿದವು. ಆದ್ದರಿಂದ ಬೆಳಗಿನ ಜಾವ ಅರ್ಧ ತಾಸು ಎಲ್ಲರೂ ದೀಪ, ಟೀವಿ, ಮೋಟಾರು ಆರಿಸಿ ಸಹಕರಿಸಬೇಕೆಂದು ವಿನಂತಿಪತ್ರವೊಂದನ್ನು ಬರೆದು ಮನೆಮನೆಗೂ ಹೋಗಿ ಸಹಿ ಕೇಳಿದೆ. ನೀರು ಬಿಡುವ ಹೊತ್ತೂ ಅದೇ ಆಗಿತ್ತು. ಸಹಿ ಯಾರೂ ಮಾಡಲಿಲ್ಲ. ಎದುರು ಮನೆಯವರು ನನ್ನ ಹೆಂಡತಿ ಪದ್ಮಾಳನ್ನು ಕರೆದು, ಮಾಸ್ತರರಿಗೆ ನಿದ್ದೆ ಸರಿಯಾಗಿ ಬರುತ್ತಿದೆಯೇ ಎಂದು ಕಳಕಳಿಯಿಂದ ವಿಚಾರಿಸಿದರು.

ಸದ್ದು ಕಡಿಮೆಯಾಗಬೇಕಾದರೆ ತಂತಿಗೆ ಒಳ್ಳೆಯ ಅರ್ಥಿಂಗ್ ಬೇಕು, ಅಂದರೆ ನೆಲದಲ್ಲಿ ಒಂದು ತಾಮ್ರದ ಸರಳು ಆಳಕ್ಕೆ ಹೊಡೆಯಬೇಕು. ಬೇರೆ ಊರಿನಲ್ಲಿ ಇದು ಹತ್ತು ನಿಮಿಷದ ಕೆಲಸವಿರಬಹುದು. ನಮ್ಮೂರಿನಲ್ಲಿ ಒಂದು ಗೇಣು ಮಣ್ಣು, ಅದರ ಕೆಳಗೆ ಪಾತಾಳದವರೆಗೆ ಫರಶಿ. ಸರಳು ಗೇಣು ಇಳಿದು ಬಾಗಿ ನಿಂತಿತು. ಮಣ್ಣಾದರೂ ಹಸಿ ಇರಲಿ ಎಂದು ದಿನಾ ಸ್ನಾನವಾದ ಮೇಲೆ ಒಂದು ತಂಬಿಗೆ ಉಪ್ಪುನೀರು ಸುರಿಯುತ್ತ ಬಂದೆ. ನಾಲ್ಕನೇ ದಿನ ಮಂಗಳವಾರ. ಹೋಗಿ ನೋಡಿದರೆ ಸರಳಿಗೆ ಯಾರೋ ಅರಿಶಿನ ಕುಂಕುಮ ಹಚ್ಚಿ, ಹೂ ಏರಿಸಿ, ಕಾಯಿ ಒಡೆದು ಹೋಗಿದ್ದರು. ಕೀಳಲು ಧೈರ್ಯವಾಗಲಿಲ್ಲ. ಅದು ಈಗಲೂ ಅಲ್ಲೇ ಇದೆ, ಪೂಜೆಯೂ ನಡೆದಿದೆ.

ಕೊನೆಗೆ ದಾರಿ ತೋರಿಸಿದವನು ಸಾಯಬಣ್ಣನೇ. ಭಂಕೂರದ ಹೊರಗೆ, ಅವನು ಮೊದಲು ದುಡಿದ ಹಳೆಯ ಖಣಿ ಕೆಲಸ ನಿಂತು ನೀರು ತುಂಬಿಕೊಂಡಿದೆ. ಸುತ್ತ ಮನೆಯಿಲ್ಲ, ಬಲ್ಬಿಲ್ಲ. ಕಲ್ಲಿಗೆ ಸರಳು ಹೊಡೆಯುವುದು ಬೇಡ, ತಾಮ್ರದ ಹಾಳೆಯೊಂದನ್ನು ನೀರಿಗೆ ಇಳಿಬಿಟ್ಟರಾಯಿತು ಎಂದ. ನನಗೇ ಯಾಕೆ ಹೊಳೆಯಲಿಲ್ಲವೆಂದು ನಾನು ಸ್ವಲ್ಪ ಹೊತ್ತು ಮುಖ ಗಂಟು ಹಾಕಿಕೊಂಡೆ. ಆಮೇಲೆ ಖಣಿಯಿಂದ ಪಶ್ಚಿಮಕ್ಕೆ, ತೊಗರಿ ಹೊಲದ ಬದುವಿನ ಗುಂಟ ಮುನ್ನೂರು ಮೀಟರ್ ತಂತಿ ಎಳೆಯುವುದೆಂದು ಠರಾಯಿಸಿದೆವು. ಮನೆಯಲ್ಲಿದ್ದ ತಂತಿಯೆಲ್ಲ ಕೂಡಿಸಿದರೂ ಹನ್ನೆರಡು ಮೀಟರ್ ಕಡಿಮೆ ಬಿತ್ತು. ಅಂದು ಮಧ್ಯಾಹ್ನ ಪದ್ಮಾ ಒಗೆದ ಸೀರೆ ಹಿಡಿದುಕೊಂಡು ಹಿತ್ತಲಲ್ಲಿ ಬಹಳ ಹೊತ್ತು ನಿಂತಿದ್ದಳಂತೆ. ಒಣಹಾಕುವ ತಂತಿ ಕಟ್ಟಿದ್ದ ಮೊಳೆಗಳು ಮಾತ್ರ ಇದ್ದವು.

ಮೊದಲ ಮುಂಜಾನೆ ಒಂದು ಎಮ್ಮೆ ನಮ್ಮ ತಂತಿಯ ಮೂರನೇ ಒಂದು ಭಾಗವನ್ನು ಕೊಂಬಿಗೆ ಸುತ್ತಿಕೊಂಡು ಊರ ಕಡೆ ಹೋಯಿತು. ಎರಡನೆಯ ಮುಂಜಾನೆಯ ಹೊತ್ತಿಗೆ, ಹಂದಿ ಬರದಂತೆ ಹೊಲಕ್ಕೆ ಯಾರೋ ಕರೆಂಟಿನ ತಂತಿ ಬಿಟ್ಟಿದ್ದಾರೆಂಬ ಸುದ್ದಿ ಹಬ್ಬಿ, ತೊಗರಿ ಕೊಯ್ಯಲು ಬಂದ ಹೆಂಗಸರು ಬದುವಿನ ಮೇಲೆ ಕೂತುಬಿಟ್ಟಿದ್ದರು. ಪಂಚಾಯತಿ ಮೆಂಬರು ಬಂದ. ನಾನು ಅವನಿಗೆ ಆಕಾಶದ ಪದರುಗಳ ಬಗ್ಗೆ ಮುಕ್ಕಾಲು ತಾಸು ಪಾಠ ಮಾಡಿದೆ. ಎಲ್ಲ ಮುಗಿದ ಮೇಲೆ ಅವನು ಕೆಳಗೆ ಬಿದ್ದ ಒಂದು ಕಟ್ಟಿಗೆಯಿಂದ ತಂತಿಯನ್ನು ದೂರದಿಂದಲೇ ಮುಟ್ಟಿ ನೋಡಿದ.

ಮೂರನೆಯದು ತಿಂಗಳ ಕೊನೆಯ ಮುಂಜಾನೆ. ಅದರ ಮೇಲೆ ಇನ್ನೊಂದು ಇರಲಿಲ್ಲ.

ಖಣಿಯ ದಂಡೆಯ ಮೇಲೆ ಚಾಪೆ ಹಾಸಿ ಇಬ್ಬರೂ ಕೂತೆವು. ಒಂದೇ ರೇಡಿಯೊ, ಎರಡು ಹೆಡ್‌ಫೋನು. ಮೂಡಣ ಕೆಂಪಾಗುತ್ತಿತ್ತು. ಮುಳ್ಳನ್ನು ಸರಿಯಾದ ಜಾಗಕ್ಕೆ ತಂದು ನಿಲ್ಲಿಸಿದೆ. ನನಗೆ ಕೇಳಿದ್ದು ಗರಗರ. ಮತ್ತೂ ಗರಗರ. ನಾನು ಸಾಯಬಣ್ಣನ ಮುಖ ನೋಡಿದೆ. ಅವನು ಕಣ್ಣು ಮುಚ್ಚಿದ್ದ. ಬಲಗಿವಿಯ ಮೇಲೆ ಹೆಡ್‌ಫೋನನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದ. ನೋಡನೋಡುತ್ತಿದ್ದಂತೆ ಅವನ ಕಣ್ಣಿಂದ ನೀರಿಳಿಯಿತು.

ಸ್ಟೇಷನ್ ಬಂದಿದೆ ಎಂದು ನನಗೆ ಖಾತ್ರಿಯಾಯಿತು. ಡಾಕ್ಟರು ಏನೇ ಹೇಳಲಿ, ಆ ಕಿವಿ ಆ ಕಿವಿಯೇ! ನನಗೆ ಕೇಳುತ್ತಿಲ್ಲ ಎಂದು ಈಗ ಹೇಳಿದರೆ ಅವನ ಸಂತೋಷಕ್ಕೆ ಭಂಗ. ಅದಕ್ಕಿಂತ ಹೆಚ್ಚಾಗಿ, ನಿಜ ಹೇಳಬೇಕೆಂದರೆ, ಅರ್ಧ ಕಿವುಡನಿಗೆ ಕೇಳಿದ್ದು ನನಗೆ ಕೇಳಲಿಲ್ಲವೆಂದು ಒಪ್ಪಲು ನಾಚಿಕೆ. ಪೆನ್ನು ತೆಗೆದು ಬರೆಯತೊಡಗಿದೆ. ಅವನು ಕಣ್ಣು ತೆರೆದು ನನ್ನ ಪೆನ್ನು ನೋಡಿದ, ತಲೆಯಾಡಿಸಿದ. ಅವನು ತಲೆಯಾಡಿಸಿದ್ದು ಕಂಡು ನಾನು ಗಂಡಸಿನ ದನಿ ಎಂದು ಬರೆದೆ. ಅವನು ಮೊಣಕಾಲಿನ ಮೇಲೆ ಬೆರಳಿಂದ ತಾಳ ಹಾಕಿದ. ನಾನು ಹಾಡು, ನಿಧಾನ ಗತಿ, ಜೊತೆಗೆ ಡೋಲು ಎಂದು ಬರೆದೆ. ಬಿಸಿಲು ಬೀಳುವ ಹೊತ್ತಿಗೆ ಒಂದು ಪುಟ ತುಂಬಿತ್ತು. ದನಿಗೆ ಐದರಲ್ಲಿ ಮೂರು ಅಂಕ ಕೊಟ್ಟೆ. ನಾನು ಮೊದಲಿನಿಂದಲೂ ಬಿಗಿ ಕೈಯ ಮಾಸ್ತರ.

ಅದನ್ನು ಅಂದೇ ಇಂಗ್ಲಿಷಿನಲ್ಲಿ ಬರೆದು, ನಲವತ್ತು ವರ್ಷಗಳ ಕತೆಯನ್ನೂ ಸೇರಿಸಿ, ಪದ್ಮಾಳ ಮೊಬೈಲಿನಿಂದ ಸ್ಟೇಷನ್ನಿಗೆ ಕಳಿಸಿದೆವು. ಆರನೇ ದಿನ ಉತ್ತರ ಬಂತು. ಓದಿ ಹೇಳಿದವಳು ಅವಳೇ. ಸ್ಟೇಷನ್ನಿನ ಎಂಜಿನಿಯರು ಬಹಳ ಸೌಜನ್ಯದಿಂದ ಬರೆದಿದ್ದ. ನಿಮ್ಮ ಪ್ರೀತಿಗೆ ಋಣಿ. ಆದರೆ ಯಂತ್ರ ಕೆಟ್ಟದ್ದರಿಂದ ಹೇಳಿದ್ದಕ್ಕಿಂತ ಎಂಟು ದಿನ ಮೊದಲೇ ನಮ್ಮ ಪ್ರಸಾರ ನಿಂತುಹೋಗಿತ್ತು. ಆ ಮುಂಜಾನೆ ನೀವು ಕೇಳಿದ್ದು ಏನೆಂದು ನಮಗೆ ತಿಳಿಯದು. ನಿಮಗೆ ತಿಳಿದುಬಂದರೆ ದಯವಿಟ್ಟು ನಮಗೂ ತಿಳಿಸಿ.

ಪದ್ಮಾ ಮೊಬೈಲು ಕೆಳಗಿಟ್ಟಳು. "ಬಂದ್ ಆಗಿ ಎಂಟು ದಿನ ಆದ ಸ್ಟೇಷನ್ನಿಗೆ ಐದರಾಗ ಮೂರು ಕೊಟ್ಟೀರಲ್ಲ" ಎಂದಳು.

ಹೋಗಿ ಸಾಯಬಣ್ಣನಿಗೆ ನಿಜ ಹೇಳಿಬಿಡಿ ಎಂಬುದು ಅವಳ ಸಲಹೆ. ನನ್ನಿಂದಾಗಲಿಲ್ಲ. ಆ ಮುಂಜಾನೆ ಅವನ ಮುಖದಲ್ಲಿ ಕಂಡದ್ದನ್ನು ನಾನು ಹೇಗೆ ಕಿತ್ತುಕೊಳ್ಳಲಿ? ಅವನು ಬಹುಶಃ ಬೇರೆ ಯಾವುದೋ ಸ್ಟೇಷನ್ ಕೇಳಿದ್ದ, ಅದನ್ನೇ ಅದು ಎಂದು ನಂಬಿದ್ದ. ನಂಬಿಕೊಂಡೇ ಇರಲಿ. ನಮ್ಮೂರಿನ ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗಿ ಒಂದು ಕಾರ್ಡು ಮಾಡಿಸಿದೆ. ಅವರಲ್ಲಿದ್ದದ್ದು ಲಗ್ನಪತ್ರಿಕೆಯ ಕಾಗದವೊಂದೇ. ಮೂಲೆಯಲ್ಲಿ ಬಂಗಾರದ ಬಣ್ಣದ ಕಳಸ ಇತ್ತು. ಅದನ್ನು ತೆಗೆದರೆ ಕಾರ್ಡು ಬೋಳಾಗಿ ಕಾಣುತ್ತದೆಂದು ಪ್ರೆಸ್ಸಿನವ ಹಟ ಹಿಡಿದ. ದೂರದಿಂದ ನೋಡಿದರೆ ಮಿನಾರಿನಂತೆಯೇ ಕಾಣುತ್ತದೆಂದು ನಾನೂ ಒಪ್ಪಿದೆ. ನಡುವೆ ಇಂಗ್ಲಿಷಿನಲ್ಲಿ ನಮ್ಮಿಬ್ಬರ ಹೆಸರು, ತಾರೀಖು, ಹೊತ್ತು, ಕೆಳಗೆ ನಾನೇ ಎಡಗೈಯಿಂದ ಮಾಡಿದ ಎಂಜಿನಿಯರನ ಸಹಿ. ಇಪ್ಪತ್ತೊಂಬತ್ತು ವರ್ಷ ಸರ್ಕಾರಿ ಸಾಲಿಯಲ್ಲಿ ಕಾಪಿ ಹೊಡೆಯುವವರನ್ನು ಹಿಡಿದವನು ನಾನು.

ಭಾನುವಾರ ಪದ್ಮಾಳನ್ನೂ ಕರೆದುಕೊಂಡು ಭಂಕೂರಕ್ಕೆ ಹೋದೆ. ಸಾಯಬಣ್ಣನ ಸೊಸೆ ಚಹಾಕ್ಕೆ ಇಟ್ಟಳು. ಈಗ ಅವನೊಂದಿಗೆ ಮಾತಾಡಬೇಕಾದರೆ ಬಲಗಿವಿಯ ಹತ್ತಿರ ಬಾಯಿಟ್ಟು ಕೂಗಬೇಕು. "ಕಾರ್ಡ್ ಬಂತು" ಎಂದು ಕೂಗಿ ಕೈಗೆ ಕೊಟ್ಟೆ. ಅವನು ಅದನ್ನು ಹಿಂದೆ ಮುಂದೆ ತಿರುವಿ ಬಹಳ ಹೊತ್ತು ನೋಡಿದ. ಕಳಸ ಕಂಡು ಏನಾದರೂ ಕೇಳುತ್ತಾನೆಂದು ನಾನು ಮಿನಾರಿನ ಮಾತನ್ನು ತಯಾರಿಟ್ಟುಕೊಂಡಿದ್ದೆ. ಅವನು ಕಾರ್ಡನ್ನು ಮಡಿಲಲ್ಲಿಟ್ಟುಕೊಂಡ.

"ಮಾಸ್ತರ, ಇದರಾಗ ನನ್ನ ಹೆಸರು ಇರಬಾರದು. ಅವತ್ತ ನನಗ ಏನೂ ಕೇಳಲಿಲ್ಲ. ಗರಗರನೂ ಕೇಳಲಿಲ್ಲ. ರೇಡಿಯೊ ಕೇಳೂ ಕಿವಿ ಹೋತು ಅಂತ ಅವತ್ತೇ ಗೊತ್ತಾತು. ನೀ ಬರಿಯೂದು ನೋಡಿ ತಲಿ ಅಲ್ಲಾಡಿಸ್ದೆ."

ನಾನು ಅವನ ಸಂತೋಷವೆಂದು ಎಣಿಸಿ ಐದಕ್ಕೆ ಮೂರು ಕೊಟ್ಟದ್ದು ಆ ಅಳುವಿಗೆ. ಈಗಲಾದರೂ ನಿಜ ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ನನ್ನ ಕೈ ಹಿಡಿದ.

"ಹೋಗ್ಲಿ ಬಿಡು. ನಿನಗರ ಕೇಳ್ತಲ್ಲ. ಏನ್ ಬಂದಿತ್ತು, ಹೇಳು."

ಸುಳ್ಳನ್ನು ಪಿಸುಮಾತಿನಲ್ಲಿ ಹೇಳುವುದು ಎಲ್ಲರಿಗೂ ಬರುತ್ತದೆ. ನಾನು ಅದನ್ನು ಕೂಗಿ ಹೇಳಬೇಕಾಯಿತು. ಗಂಡಸಿನ ದನಿ ಇತ್ತು, ಆಮೇಲೆ ಹಾಡು ಬಂತು, ಡೋಲು ಇತ್ತು ಎಂದು ಒಂದೊಂದನ್ನೂ ಎರಡೆರಡು ಸಲ ಕೂಗಿದೆ. ಓಣಿಯವರು ಬಾಗಿಲಿಗೆ ಬಂದರು. ಪದ್ಮಾ ನೆಲ ನೋಡುತ್ತ ಕೂತಿದ್ದಳು. ಸಾಯಬಣ್ಣ ಬಿಡಲಿಲ್ಲ. ಆ ಹಾಡು ಹೆಂಗಿತ್ತು, ಸ್ವಲ್ಪ ಅಂದು ತೋರಿಸು ಎಂದ.

ನನಗೆ ಹಾಡು ಬರುವುದಿಲ್ಲ. ಅರಬೀ ಭಾಷೆಯಂತೂ ಮೊದಲೇ ಬರುವುದಿಲ್ಲ. ಗಾಬರಿಯಲ್ಲಿ ಬಾಯಿಗೆ ಬಂದದ್ದು ನನಗೆ ಕಂಠಪಾಠವಿದ್ದ ಒಂದೇ ಸಾಹಿತ್ಯ. ಹದಿನೇಳರ ಮಗ್ಗಿಯನ್ನು ಮೂಗಿನಲ್ಲಿ ಎಳೆದೆಳೆದು, ಹದಿನೇಳೊಂದ್ಲ, ಹದಿನೇಳೆರಡ್ಲ ಎಂದು ಕತ್ತು ಕುಣಿಸುತ್ತ ಅವನ ಕಿವಿಯಲ್ಲಿ ಹಾಡಿದೆ. ಸೊಸೆ ಚಹಾದ ತಟ್ಟೆ ಹಿಡಿದು ಹೊಸ್ತಿಲಲ್ಲೇ ನಿಂತಳು. ಸಾಯಬಣ್ಣ ಕಿವಿಗೆ ಅಂಗೈಯನ್ನು ಗೂಡು ಮಾಡಿ ಹಿಡಿದು, ಕಣ್ಣು ಮುಚ್ಚಿ ಕೇಳಿದ. ಮುಗಿದ ಮೇಲೆ ಇನ್ನೊಮ್ಮೆ ಎಂದ. ಇನ್ನೊಮ್ಮೆ ಹಾಡಿದೆ. ರಾಗ ಬೇರೆಯಾಯಿತು, ಅವನು ಅದಕ್ಕೂ ತಲೆಯಾಡಿಸಿದ.

ಹೊರಗೆ ಬಂದು ಆಟೋ ಕಾಯುತ್ತ ನಿಂತಾಗ, ಅಂತೂ ಸಾಯಬಣ್ಣನಿಗೆ ಸಂಶಯ ಬರಲಿಲ್ಲ ಎಂದು ನಾನು ಹೆಂಡತಿಗೆ ಹೇಳಿದೆ. ಅವಳು ಕಾರ್ಡಿನ ಹಿಂಭಾಗ ನೋಡಿದ್ದಿರಾ ಎಂದು ಕೇಳಿದಳು. ನಾನು ನೋಡಿರಲಿಲ್ಲ. ಲಗ್ನಪತ್ರಿಕೆಗೆಲ್ಲ ಹಾಕುವಂತೆ ಅಲ್ಲಿ ಪ್ರೆಸ್ಸಿನ ಹೆಸರು, ಬಸ್ ಸ್ಟ್ಯಾಂಡ್ ಎದುರಿಗೆ, ಶಹಾಬಾದ ಎಂದು ಕನ್ನಡದಲ್ಲಿ ಅಚ್ಚಾಗಿತ್ತಂತೆ. ಅವನು ಎಲ್ಲಕ್ಕಿಂತ ಮೊದಲು ಓದಿದ್ದು ಅದನ್ನೇ ಅಂತೆ.

ಎಲ್ಲ ಗೊತ್ತಿದ್ದೂ ನನ್ನಿಂದ ಎರಡೆರಡು ಸಲ ಯಾಕೆ ಹಾಡಿಸಿದ ಎಂದು ಕೇಳಿದೆ.

"ನಿಮ್ಮ ದನಿ ಇನ್ನ ಎಷ್ಟ ದಿನ ಕೇಳ್ತದೋ ಅಂತ ಇರಬೇಕ್ರಿ" ಎಂದಳು ಪದ್ಮಾ.

ಆಟೋ ಬಂತು. ನನ್ನ ಗೆಳೆಯ ಉಳಿದ ಕಿವಿಯನ್ನೆಲ್ಲ ಒಟ್ಟುಗೂಡಿಸಿಕೊಂಡು ನನ್ನ ದನಿ ಕೇಳಲು ಕೂತಿದ್ದ. ನಾನು ಅವನಿಗೆ ಹದಿನೇಳರ ಮಗ್ಗಿ ಒಪ್ಪಿಸಿ ಬಂದಿದ್ದೆ. ಅದೂ ಎರಡನೇ ಸಲ, ಹದಿನೇಳೆಂಟ್ಲ ಕಡೆ ತಪ್ಪಿ.