ಹಿಮಶ್ರೀ ಪದಕದ ಕರಡಚ್ಚು

ದಕ್ಷಿಣ ಧ್ರುವಕ್ಕೆ ಹೋಗಿಬಂದ ವೈಜ್ಞಾನಿಕ ತಂಡಗಳ ಸದಸ್ಯರಿಗೆ ‘ಹಿಮಶ್ರೀ’ ಎಂಬ ಸ್ಮರಣಾರ್ಥ ಪದಕ ನೀಡುವುದು ಶೇಷಾದ್ರಿಪುರಂನ ನಮ್ಮ ಕಚೇರಿಯ ಏಕೈಕ ಕರ್ತವ್ಯ. ಪದಕದ ಮೇಲಿನ ಕನ್ನಡಕ್ಕೆ ನಾನು ಜವಾಬ್ದಾರಳು. ಕನ್ನಡ ಎಂ.ಎ., ಎರಡನೇ ರ‍್ಯಾಂಕು.

ಹೇಳಿದ ದಿನಕ್ಕೆ ಮಾಲು ಕೊಡುವವರು ಬೇಕೆಂದು ಕೆಲಸವನ್ನು ಸುಲ್ತಾನ್‌ಪೇಟೆಯ ಒಂದು ಮದುವೆ ಕಾರ್ಡಿನ ಅಂಗಡಿಗೆ ವಹಿಸಲಾಯಿತು. ಮುಹೂರ್ತ ಮೀರಿ ಅವರಿಗೆ ಅಭ್ಯಾಸವಿಲ್ಲ. ನಾವು ಕಳಿಸಿದ ಸದಸ್ಯರ ಪಟ್ಟಿಯಲ್ಲಿ ‘ಮುನಿರಾಜ್ – ಹಿಮಶ್ರೀ’ ಎಂಬಂಥವನ್ನು ನೋಡಿ, ಅವಸರದಲ್ಲಿ ನಾವು ಬಿಟ್ಟಿದ್ದನ್ನು ಅವರೇ ತುಂಬಿ, ‘ಚಿ|| ಮುನಿರಾಜ್ – ಚಿ||ಸೌ|| ಹಿಮಶ್ರೀ’ ಎಂದು ಕರಡಚ್ಚು ಕಳಿಸಿದರು. ನಲವತ್ತೊಂದು ಮಂದಿ ಸದಸ್ಯರಿಗೂ ಒಬ್ಬಳೇ ವಧು. ‘ಸೌ’ ಅಕ್ಷರದ ಔತ್ವ ಸರಿಯಾಗಿದೆಯೇ ಎಂದು ಭೂತಗನ್ನಡಿ ಹಿಡಿದು ನೋಡಿ, ಸಹಿ ಹಾಕಿದೆ.

ಪದಕಗಳನ್ನು ಹಂಚಿಯಾದ ಮೇಲೆ, ತಮ್ಮದನ್ನು ಹಿಡಿದು ಕಚೇರಿಗೆ ಬಂದವರು ತಂಡದ ಅಡುಗೆಯವರಾಗಿದ್ದ ಮುನಿರಾಜ್.

“ಹದಿನಾಲ್ಕು ತಿಂಗಳು ಕಾಣ್ಲಿಲ್ಲ ಅಂತ ನಮ್ ಬೀದೀಲಿ ನಾನು ಜೈಲಲ್ಲಿದ್ದೆ ಅಂತಾರೆ ಮೇಡಂ. ಹೆಣ್ಣು ಕೊಡೋರು ಪದಕ ತೋರ್ಸಪ್ಪ ಅಂದ್ರು. ತೋರಿಸ್ದೆ. ಈಗ ಹೆಂಡ್ತಿ ಎಲ್ಲಿ ಅಂತಿದಾರೆ!”

ಸೂಪರಿಂಟೆಂಡೆಂಟ್ ಶ್ರೀನಿವಾಸಯ್ಯನವರು ನಿಯಮ ಓದಿದರು: “ಅನುಮೋದಿತ ಕರಡಚ್ಚಿನಂತೆ ತಯಾರಾದ ಪದಕದಲ್ಲಿ ತಪ್ಪು ಇರತಕ್ಕದ್ದಲ್ಲ. ಪದಕಕ್ಕೂ ವಾಸ್ತವಕ್ಕೂ ವ್ಯತ್ಯಾಸ ಕಂಡಲ್ಲಿ ವಾಸ್ತವವನ್ನು ತಿದ್ದತಕ್ಕದ್ದು.”

“ಸಾರ್, ಅವ್ಳು ಹೆಂಗಸೇ ಅಲ್ಲ, ಪದಕ!”

“ಇಲ್ಲದೋಳಿಗೆ ಸೌಭಾಗ್ಯವತಿ ಅಂತ ನಾವ್ಯಾಕ್ರೀ ಬರೀತೀವಿ? ಪದಕ ತಿದ್ದಬೇಕಂದ್ರೆ ಕರಡಚ್ಚು ನೋಡಿದೋರ ಮೇಲೆ ವಿಚಾರಣೆ ಆಗತ್ತೆ,” ಎಂದು ಶ್ರೀನಿವಾಸಯ್ಯನವರು ನನ್ನ ಕಡೆ ನೋಡಿದರು. ನಾನು ತಕ್ಷಣ ವಾಸ್ತವದ ವಿರುದ್ಧ ನಿಂತೆ.

ಮರುದಿನ ಮುನಿರಾಜ್ ಜೊತೆ ಹುಡುಗಿಯ ತಾಯಿ ಕಮಲಮ್ಮನವರೇ ಬಂದರು. ಕಡತ ತೋರಿಸಿದೆ. ಮೊಹರು ಇತ್ತು, ನಂಬಿದರು.

“ಜೈಲಿಗಿಂತ ಎರಡನೇ ಸಂಬಂಧ ವಾಸಿ ಬಿಡಿ. ಆದ್ರೆ ನಾಳೆ ಆ ಮಾರಾಯ್ತಿ ಬಂದು ಜುಟ್ಟು ಹಿಡೀಬಾರ್ದು ನೋಡಿ. ಒಪ್ಗೆ ಅಂತ ಬರ್ಕೊಡ್ಲಿ.”

ಅಂದೇ ನಿರಾಕ್ಷೇಪಣಾ ಪತ್ರ ಸಿದ್ಧವಾಯಿತು. ಶ್ರೀಮತಿ ಹಿಮಶ್ರೀಯವರು ಕಾರ್ಯನಿಮಿತ್ತ ದಕ್ಷಿಣ ಧ್ರುವದಲ್ಲಿರುವುದರಿಂದ ಅವರ ಪರವಾಗಿ ನಾನು ಸಹಿ ಹಾಕಿದೆ. ಈ ಸಲ ಕಾಗುಣಿತ ಎರಡು ಬಾರಿ ನೋಡಿದೆ.

“ದೊಡ್ಡ ಮನಸ್ಸು ಆಯಮ್ಮಂದು,” ಎಂದು ಕಮಲಮ್ಮ ಕಣ್ಣೊರೆಸಿಕೊಂಡು, ಛತ್ರ ನೋಡಲು ಹೊರಟರು.

ಮುನಿರಾಜ್ ಪತ್ರವನ್ನು ಮಡಿಸಿ ಜೇಬಿಗಿಟ್ಟುಕೊಂಡು, ಯಾರಿಗೂ ಕೇಳಿಸದ ಹಾಗೆ ನನ್ನನ್ನು ಕೇಳಿದರು: “ಬೇಜಾರು ಮಾಡ್ಕೊಂಡ್ಲಾ ಮೇಡಂ?”

“ಸ್ವಲ್ಪ,” ಎಂದೆ.