ಜೋಡಿಬೆರಳಣ್ಣನ ಒಂದು ಸಾವಿರ

ಜೋಡಿಬೆರಳಣ್ಣನ ಬಲಗೈಯ ತೋರುಬೆರಳೂ ನಡುಬೆರಳೂ ಹುಟ್ಟಿನಿಂದಲೇ ಅಂಟಿಕೊಂಡಿದ್ದವು, ಹೊಸದಾಗಿ ಮದುವೆಯಾದವರ ಹಾಗೆ. ಅವನು ಅಚ್ಚುಕೂಟದ ಮೇಸ್ತ್ರಿ. ಎಡಗೈಯಲ್ಲಿ ಸದಾ ಕರಡಚ್ಚಿನ ಕಟ್ಟು. ಯಂತ್ರ ಗುಡುಗತೊಡಗಿದರೆ ಅಲ್ಲಿ ಬೆರಳೇ ಬಾಯಿ. ಒಂದು ಬೆರಳೆತ್ತಿದರೆ ಒಂದು ಸಾವಿರ ಪ್ರತಿ. ಪಾಪ, ಅವನು ಒಂದೆಂದು ಎತ್ತಿದರೆ ಎದ್ದು ನಿಲ್ಲುತ್ತಿದ್ದದ್ದು ಎರಡು! ಹಳೆಯ ಯಂತ್ರದವನಿಗೆ ಇದು ಅಭ್ಯಾಸವಾಗಿತ್ತು. ಹೊಸಬ ಬಂದ ವಾರವೇ ಕ್ಯಾಲೆಂಡರು ಎರಡು ಸಾವಿರ ಅಚ್ಚಾಗಿ ಕೂತವು.

"ಇನ್ನೊಂದ್ಸಲ ಹೀಗಾದ್ರೆ ಮನೇಲಿ ಕೂತು ಬೆರಳು ಎಣಿಸು!" ಎಂದು ಧಣಿ ಗುಡುಗಿದರು.

ಕೆಲಸ ಉಳಿಸಿಕೊಳ್ಳಲು ಅವನು ಆಸ್ಪತ್ರೆಗೆ ಓಡಿದ.

"ಇಷ್ಟು ವರ್ಷ ಏನ್ಮಾಡ್ತಿದ್ರಿ?" ಎಂದರು ಡಾಕ್ಟರು.

"ಎರಡನ್ನೂ ಒಟ್ಟಿಗೇ ಸಾಕ್ತಿದ್ದೆ."

ಬೆರಳು ಬಿಡಿಸಿ, ತೊಡೆಯ ಚರ್ಮ ತೆಗೆದು ಸಂದಿಗೆ ಹಚ್ಚಿದರು. ಗಾಯ ಮಾಗಿ, ಇವತ್ತು ಅವನು ಮತ್ತೆ ಕೆಲಸಕ್ಕೆ ಬಂದಿದ್ದ.

"ತೊಡೆ ಚರ್ಮವಂತೆ? ಇನ್ಮೇಲೆ ನಿನ್ ಕೈ ಕುಲುಕೋಕೂ ನಾಚ್ಕೆ ಕಣಣ್ಣ!" ಎಂದ ಕರಡು ತಿದ್ದುವವನು.

ಬೈಂಡಿಂಗ್ ಅಕ್ಕ ಮುನಿಸಿಕೊಂಡಳು. "ನನ್ನತ್ರ ಬಂದಿದ್ರೆ ಕಾಗದ ಕತ್ತರಿಸೋ ಮಷಿನ್ನಲ್ಲಿ ಒಂದೇ ಏಟಿಗೆ ಬಿಡಿಸ್ತಿದ್ದೆ!"

ಮೊದಲ ಕೆಲಸವೇ ಧಣಿಯ ಮಗಳ ಮದುವೆಯ ಕರೆಯೋಲೆ, ಒಂದು ಸಾವಿರ. ಜೋಡಿಬೆರಳಣ್ಣ ಬಾವುಟ ಏರಿಸಿದಷ್ಟು ಗಂಭೀರವಾಗಿ ಒಂದೇ ಒಂದು ಬೆರಳೆತ್ತಿದ. ಯಂತ್ರದ ಹೊಸಬ ತಲೆಯಾಡಿಸಿದ.

ಸಂಜೆ ಧಣಿ ಕೂಗಿದ್ದಕ್ಕೆ ಯಂತ್ರವೇ ಬೆಚ್ಚಿರಬೇಕು.

"ಬರೀ ಐನೂರು! ಬೀಗರ ಕಡೆಗೇ ಸಾಲಲ್ಲ. ನನ್ ಮಗಳ ಮದುವೆಗೆ ನಾನೊಬ್ನೇ ಹೋಗ್ಲಾ?"

"ನಾನು ತೋರ್ಸಿದ್ದು ಒಂದೇ ಬೆರಳು, ಧಣಿ!" ಜೋಡಿಬೆರಳಣ್ಣ ಆ ಬೆರಳನ್ನು ಮತ್ತೆ ಎತ್ತಿ ತೋರಿಸಿದ.

"ಹೂಂ, ಒಂದೇ. ಅದಕ್ಕೇ ಐನೂರು ಹೊಡ್ದೆ," ಎಂದ ಯಂತ್ರದವನು. "ಮೇಸ್ತ್ರಿ ರಜೆ ಹಾಕಿದ ದಿನ ನೀವೇ ಹೇಳಿದ್ರಲ್ಲ ಧಣಿ, ಇವ್ರು ಎಷ್ಟೇ ತೋರ್ಸಿದ್ರೂ ಅದರಲ್ಲಿ ಅರ್ಧ ಹೊಡಿ ಅಂತ? ಅವ್ರು ಬೆರಳು ಸರಿ ಮಾಡಿಸ್ಕೊಂಡ್ರು, ನಾನು ಲೆಕ್ಕ ಸರಿ ಮಾಡ್ಕೊಂಡೆ. ಈ ತಲೆಗೆ ರಿಪೇರಿ ಒಂದೇ ಸಲ. ಮತ್ತೆ ಬದಲಾಯಿಸೋಕಾಗಲ್ಲ."

ಧಣಿ ಕೆಮ್ಮಿದರು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಅವರ ಜಾಯಮಾನವಲ್ಲ. ಜೋಡಿಬೆರಳಣ್ಣನ ಕೈಯನ್ನೊಮ್ಮೆ ದಿಟ್ಟಿಸಿ, ಬೈಂಡಿಂಗ್ ಅಕ್ಕನಿಗೆ ಸನ್ನೆ ಮಾಡಿದರು.

ಅಕ್ಕ ಅವನ ಎರಡೂ ಬೆರಳನ್ನು ಜೋಡಿಸಿ ಹಿಡಿದು, ಪುಸ್ತಕದ ಬೆನ್ನು ನೋಡುವಂತೆ ತಿರುಗಿಸಿ ತಿರುಗಿಸಿ ನೋಡಿದಳು.

"ಅಂಟು ಸಾಕಾ ಅಣ್ಣಾ, ಹೊಲಿಗೇನೂ ಹಾಕ್ಲಾ?"