ನನ್ನ ಕಂಪ್ಯೂಟರಿನ ಜ್ವರ

ನೆಂಟರ ಮೇಲೆ ನನಗೆ ಎಷ್ಟು ಪ್ರೀತಿ ಇದೆಯೋ ಹೇಳಲಾರೆ, ಅವರ ದನಿಗಳ ಮೇಲಂತೂ ವಿಪರೀತ ಪ್ರೀತಿ. ದೊಡ್ಡಮ್ಮ ಫೋನಿನಲ್ಲಿ ಮಾತಾಡಿದರೆ ಆ ಕಡೆಯವರಿಗೆ ಫೋನೇ ಬೇಕಾಗುವುದಿಲ್ಲ. ಮಾವ ಉಪ್ಪಿಟ್ಟು ಕೇಳಿದರೂ ಪಂಚಾಯ್ತಿ ತೀರ್ಪು ಕೊಟ್ಟಂತಿರುತ್ತದೆ. ಹಾಗಾಗಿ ಅಕ್ಕನ ಆರತಕ್ಷತೆಗೆಂದು, ಇಡೀ ಬಳಗದ ದನಿಗಳನ್ನು ನಾನೊಬ್ಬನೇ ಆಡಿ ಒಂದು ಕಾರ್ಟೂನ್ ವಿಡಿಯೋ ಮಾಡಿದೆ. ನೆಲಮಂಗಲದ ಛತ್ರದಲ್ಲಿ ದೊಡ್ಡ ಪರದೆ ಕಟ್ಟಿಸಿದ್ದಾಯಿತು, ಊರಿಗೆಲ್ಲ ಸಾರಿದ್ದಾಯಿತು. ಇನ್ನು ಕಂಪ್ಯೂಟರು ಅದನ್ನೆಲ್ಲ ಸೇರಿಸಿ ಒಂದು ಫೈಲ್ ಮಾಡಿಕೊಟ್ಟರೆ ಸಾಕು.

ಅದೇ ಆಗಲಿಲ್ಲ. ದೊಡ್ಡಬಳ್ಳಾಪುರದ ನಮ್ಮ ಮನೆಯ ಗೋಡೆಗೆ ಅಂಟಿಕೊಂಡೇ ಮಗ್ಗದ ಶೆಡ್ಡು. ಅಲ್ಲಿಂದ ಹಾರಿಬರುವ ನೂಲಿನ ಧೂಳು ನಮ್ಮ ಸಾರಿನಲ್ಲೂ ಇರುತ್ತದೆ. ಕಂಪ್ಯೂಟರಿನ ಹೊಟ್ಟೆಯಲ್ಲಿ, ಶಾಖ ಹೊತ್ತೊಯ್ಯುವ ತಾಮ್ರದ ಕೊಳವೆಗಳ ಸುತ್ತ ಅದು ಹಾಸಿಗೆಯನ್ನೇ ಹೊಲಿದಿತ್ತು. ಪ್ರೊಸೆಸರ್ ಕಾದು ಕೆಂಡವಾಗಿ, ಅರ್ಧ ದಾರಿಯಲ್ಲೇ ಎಲ್ಲ ಆಫ್. ಹಳೆಯದನ್ನು ಕಿತ್ತು ಲಿಕ್ವಿಡ್ ಕೂಲಿಂಗ್ ತಂದು ಕೂರಿಸಿದೆ. ಪ್ರೊಸೆಸರಿನ ಮೇಲೆ ಕೂರುವ ಪುಟ್ಟ ಪಂಪು, ಎರಡು ಪೈಪು, ಕಾರಿನಲ್ಲಿರುವಂಥದೇ ಒಂದು ರೇಡಿಯೇಟರು. ಒಳಗಿನ ನೀರು ಪ್ರೊಸೆಸರಿನ ಶಾಖ ಹೊತ್ತುಕೊಂಡು ಹೋಗಿ ಫ್ಯಾನಿಗೆ ಒಪ್ಪಿಸಿ ಬರುತ್ತದೆ. ಅಮ್ಮ ಬಾಗಿಲಲ್ಲೇ ನಿಂತು, "ಕರೆಂಟಿನ ಡಬ್ಬಕ್ಕೆ ನೀರು ಬಿಡ್ತೀಯೇನೋ? ಮದುವೆ ಮುಗಿಯೋವರೆಗಾದ್ರೂ ಬದುಕಿರೋ!" ಅಂದಳು.

ಹೊಸದು ಕೂರಿಸಿದ ಮೇಲೆ ಕಂಪ್ಯೂಟರು ಮೊದಲಿಗಿಂತ ಬೇಗ ಆಫ್ ಆಯಿತು! ಆರತಕ್ಷತೆ ಅವತ್ತೇ ಸಂಜೆ. ಗೆಳೆಯ ಇಮ್ರಾನ್‌ನನ್ನು ಕರೆದೆ. ಅವನು ಪಂಪು ಬಿಚ್ಚಿ, ಅಂಗಾತ ಮಾಡಿ ನೋಡಿ, ನೆಲಕ್ಕೆ ಕೂತು ನಕ್ಕ.

"ಲೇ ಗುರು, ತಳದಲ್ಲಿ ಪ್ಲಾಸ್ಟಿಕ್ ಹಾಳೆ ಹಂಗೇ ಇದೆ ಕಣೋ, ಶಾಖ ಹೆಂಗೆ ದಾಟುತ್ತೆ! ಕಿತ್ತು ಕೂರಿಸಿ ಅಂತ ಅದರ ಮೇಲೇ ಬರ್ದವ್ರೆ!"

"ಓದ್ದೆ ಕಣೋ. ಹೊಸದಲ್ವಾ, ಗೀರು ಬೀಳುತ್ತೆ ಅಂತ ಬಿಟ್ಟೆ."

ನಗಬೇಡಿ. ನಮ್ಮ ಮನೆಯಲ್ಲಿ ಫ್ರಿಜ್ಜು, ರಿಮೋಟು, ಸ್ಕೂಟರಿನ ಸೀಟು, ಯಾವುದರ ಪ್ಲಾಸ್ಟಿಕ್ಕನ್ನೂ ಇಂದಿಗೂ ಕಿತ್ತಿಲ್ಲ. ತಾತ ಹೊಸ ಕನ್ನಡಕದ ಸ್ಟಿಕ್ಕರಿನ ಪಕ್ಕದಿಂದ ಇಣುಕಿಯೇ ಪೇಪರ್ ಓದುತ್ತಾರೆ.

ಹಾಳೆ ಕಿತ್ತು, ಶಾಖ ದಾಟಿಸುವ ಪೇಸ್ಟ್ ಬಳಿದು, ಅಮ್ಮನ ಅದೇ ಗದರಿಕೆಯ ನಡುವೆ ಮತ್ತೆ ಕೂರಿಸಿದೆವು. ತಾಪದ ಅಂಕಿ ಇಳಿಯಿತು, ಇಳಿದಲ್ಲೇ ನಿಂತಿತು! ಫೈಲ್ ಸಿದ್ಧ! ಪೆನ್‌ಡ್ರೈವನ್ನು ಮಾಂಗಲ್ಯದಷ್ಟೇ ಜೋಪಾನವಾಗಿ ಹಿಡಿದು, ಇಮ್ರಾನ್‌ನ ಬೈಕಿನ ಹಿಂದೆ ಕೂತು ಛತ್ರಕ್ಕೆ ನುಗ್ಗಿದೆ.

ಛತ್ರಕ್ಕೆ ಛತ್ರವೇ ಬಿದ್ದು ಬಿದ್ದು ನಕ್ಕಿತು. ಅಕ್ಕನ ಕಾಡಿಗೆಯೆಲ್ಲ ಕೆನ್ನೆಗೆ ಇಳಿದಿತ್ತು. ಊಟದ ಸಾಲಿನಲ್ಲಿ ಬೆನ್ನು ತಟ್ಟಿದವರೆಲ್ಲ ಹೇಳಿದ್ದು ಒಂದೇ ಮಾತು: "ಎಲ್ಲಾರ್ದೂ ಅಚ್ಚುಕಟ್ಟಾಗಿ ಮಾಡಿದ್ದೀಯ ಕಣಪ್ಪಾ, ನಂದೊಂದು ಸರಿಯಾಗಿ ಬಂದಿಲ್ಲ."

ಆಮೇಲೆ ಇಮ್ರಾನ್ ಮೈಕ್ ಹಿಡಿದ. ಮಧ್ಯಾಹ್ನದ ಪ್ಲಾಸ್ಟಿಕ್ ಪ್ರಸಂಗವನ್ನು ಮೊದಲಿನಿಂದ ಕೊನೆಯವರೆಗೆ ನನ್ನ, ಅಮ್ಮನ ದನಿಗಳಲ್ಲೇ ಆಡಿ ತೋರಿಸಿದ. ನನಗೆ ಬಿದ್ದದ್ದಕ್ಕಿಂತ ಜೋರು ಚಪ್ಪಾಳೆ. ಸುಳ್ಳು ಹೇಳಬಾರದು, ಚೆನ್ನಾಗಿಯೇ ಮಾಡಿದ. ನಮ್ಮಮ್ಮನ ಗದರಿಕೆಯಂತೂ ಥೇಟ್ ಅಮ್ಮನದ್ದೇ. ನನ್ನ ದನಿಯೊಂದು ಮಾತ್ರ ಸ್ವಲ್ಪವೂ ಸರಿಯಾಗಿ ಬಂದಿರಲಿಲ್ಲ.